22 ಆಂಪಿಯರ್‌ನ ಸಂಸಾರ: ಮದರಾಸಿನ ಹಳೆ ಕಾರುಗಳ ಒಂದು ಕಥೆ

ಚೆನ್ನೈನಲ್ಲಿ ಕುಳಿತು ಕಾರಿನ ಸೀಟನ್ನು ಬಿಸಿ ಮಾಡುವ ಮಾತು ತೆಗೆದರೆ ನೀವು ನಗುತ್ತೀರಿ. ಮೇ ತಿಂಗಳ ಮಧ್ಯಾಹ್ನ ಮರೀನಾ ಕಡೆ ಹತ್ತು ನಿಮಿಷ ಕಾರು ನಿಲ್ಲಿಸಿ ಬಂದರೆ ಸಾಕು, ರೆಕ್ಸಿನ್ ಸೀಟು ದೋಸೆ ಕಾವಲಿಯಾಗಿರುತ್ತದೆ. 2003ರ ಮೇ ಕೊನೆಯಲ್ಲಿ ಈ ಊರಿನ ಉಷ್ಣಾಂಶ 45 ಡಿಗ್ರಿ ಮುಟ್ಟಿತ್ತು. ಇಲ್ಲಿ ಸೀಟಿಗೆ ಬೇರೆ ಹೀಟರೇ?

ಆದರೆ ಹಳೆಯ ಕಾರು ಸಾಕಿಕೊಂಡವರಿಗೆ, ಅದನ್ನು ಚಳಿಗಾಲದಲ್ಲಿ ಊಟಿಗೋ ಕೊಡೈಕನಾಲ್‌ಗೋ ಓಡಿಸುವವರಿಗೆ, ಸೊಂಟಕ್ಕೆ ಸ್ವಲ್ಪ ಕಾವು ಸಿಕ್ಕರೆ ಹಾಯೆನಿಸುವ ವಯಸ್ಸಿನವರಿಗೆ ಇದು ತಮಾಷೆಯಲ್ಲ. ಆ ಹೀಟರ್ ಹಾಕಿಸಲು ಹೋದರೆ ಅವರಿಗೆ ಎದುರಾಗುವ ಪ್ರಶ್ನೆಯೂ ಹೊಸದಲ್ಲ. ಅರವತ್ತು ವರ್ಷಗಳ ಹಿಂದೆ ಕಾರಿಗೆ ರೇಡಿಯೋ ಹಾಕಿಸಿದವರಿಗೂ, ಆಮೇಲೆ ಏಸಿ ಹಾಕಿಸಿದವರಿಗೂ ಅದೇ ಪ್ರಶ್ನೆ ಎದುರಾಗಿತ್ತು: ಹೊಸ ಸುಖ ಸರಿ, ಅದಕ್ಕೆ ಬೇಕಾದ ಕರೆಂಟು ಎಲ್ಲಿಂದ ಬರಬೇಕು? ಮದರಾಸಿನ ಹಳೆ ಕಾರುಗಳ ಕಥೆಯನ್ನು ಈ ಒಂದೇ ಪ್ರಶ್ನೆ ಹಿಡಿದು ಹೇಳಬಹುದು.

ಸಾರೋಟಿನ ಸೀಟು, ಕಾರಿನ ಸೀಟು

ಮೌಂಟ್ ರೋಡಿನ ಸಿಂಪ್ಸನ್ ಕಂಪನಿ ಶುರುವಾದದ್ದು 1840ರಲ್ಲಿ. ಆಗ ಅವರ ಕೆಲಸ ಕುದುರೆ ಸಾರೋಟು ಕಟ್ಟುವುದು. ಮರಗೆಲಸ, ಕಮ್ಮಾರಿಕೆ, ಚರ್ಮದ ಮೆತ್ತೆ ಹೊಲಿಯುವುದು ಎಲ್ಲವೂ ಒಂದೇ ಸೂರಿನಡಿ ನಡೆಯುತ್ತಿದ್ದವು. ಅದೇ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ 1903ರಲ್ಲಿ ಹಬೆಯಿಂದ ಓಡುವ ಕಾರೊಂದನ್ನು ಕಟ್ಟಿದರು. ಭಾರತದಲ್ಲೇ ಕಟ್ಟಿದ ಮೊದಲ ಹಬೆ ಕಾರು ಎಂಬ ಹೆಸರು ಅದಕ್ಕಿದೆ.

ಆ ಕಾಲದ ಕಾರುಗಳಲ್ಲಿ ವಿದ್ಯುತ್ತಿನ ಪಾತ್ರ ತೀರಾ ಕಡಿಮೆ. ದೀಪ ಎಣ್ಣೆಯದು ಅಥವಾ ಅಸಿಟಲಿನ್ ಅನಿಲದ್ದು. ಎಂಜಿನ್ನು ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಚಳಿದೇಶದವರು ಕಾಲಡಿ ಕಾಯಿಸಿದ ಇಟ್ಟಿಗೆಯನ್ನೋ ಬಿಸಿನೀರಿನ ಡಬ್ಬಿಯನ್ನೋ ಇಟ್ಟುಕೊಳ್ಳುತ್ತಿದ್ದರು. ಕಾವಿಗೂ ಕಾರಿಗೂ ಸಂಬಂಧವಿರಲಿಲ್ಲ.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. ಇಲ್ಲಿಂದ ಸಂಸಾರ ಬೆಳೆಯಿತು. ಸ್ಟಾರ್ಟರ್ ಬೇಕಾದರೆ ಬ್ಯಾಟರಿ ಬೇಕು. ಬ್ಯಾಟರಿ ತುಂಬಲು ಡೈನಮೋ ಬೇಕು. ಡೈನಮೋ ಇದ್ದ ಮೇಲೆ ದೀಪ, ಹಾರ್ನ್, ವೈಪರ್ ಎಲ್ಲ ಒಂದೊಂದಾಗಿ ಅದರ ಮೇಲೆ ಬಿದ್ದವು. ಬೆಕ್ಕು ಸಾಕಲು ಹಸು ತಂದ ಸನ್ಯಾಸಿಯ ಕಥೆ ನಿಮಗೆ ಗೊತ್ತಲ್ಲ, ಹಾಗೆ.

1961: ಒಂದೇ ವರ್ಷ, ಎರಡು ಘಟನೆ

ಮದರಾಸಿನದೇ ಕಾರು ಎಂದರೆ ಹಿರಿಯರಿಗೆ ನೆನಪಾಗುವುದು ಸ್ಟ್ಯಾಂಡರ್ಡ್ ಹೆರಾಲ್ಡ್. 1948ರಲ್ಲಿ ಶುರುವಾದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ ನಗರದ ಹೊರವಲಯದ ಪೆರುಂಗಳತ್ತೂರಿನಲ್ಲಿ ಕಾರು ತಯಾರಿಸುತ್ತಿತ್ತು. ಮೊದಲು ವ್ಯಾನ್‌ಗಾರ್ಡ್, ಆಮೇಲೆ ಸ್ಟ್ಯಾಂಡರ್ಡ್ ಎಯ್ಟ್, ಟೆನ್ ಬಂದವು. 1961ರಲ್ಲಿ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ಭಾರತೀಯ ರೂಪ ಇಲ್ಲಿಂದ ಹೊರಬಂತು. ಇಟಲಿಯ ಮಿಚೆಲೊಟ್ಟಿ ವಿನ್ಯಾಸ ಮಾಡಿದ ಚೂಪು ಅಂಚುಗಳ ಪುಟ್ಟ ಕಾರು, 948 ಸಿ.ಸಿ. ಎಂಜಿನ್ನು. ಕಲ್ಕತ್ತದ ಕಡೆಯ ಅಂಬಾಸಿಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಹೆರಾಲ್ಡ್: ಮಧ್ಯಮ ವರ್ಗದವರ ಕನಸಿಗೆ ಆಗ ಇದ್ದದ್ದು ಈ ಮೂರೇ ದಾರಿ.

ಅದೇ 1961ರಲ್ಲಿ ಟಿ.ವಿ.ಎಸ್. ಸಮೂಹವೂ ಇಂಗ್ಲೆಂಡಿನ ಲೂಕಾಸ್ ಕಂಪನಿಯೂ ಸೇರಿ ಲೂಕಾಸ್-ಟಿ.ವಿ.ಎಸ್. ಸ್ಥಾಪಿಸಿದವು. ಪಾಡಿಯ ಆ ಕಾರ್ಖಾನೆಯ ಕಸುಬೇ ವಾಹನಗಳ ವಿದ್ಯುತ್ ಭಾಗಗಳು: ಸ್ಟಾರ್ಟರ್, ಡೈನಮೋ, ವೈಪರ್ ಮೋಟಾರು. ಪೆರುಂಗಳತ್ತೂರಿನಲ್ಲಿ ಕಾರಿನ ದೇಹ, ಪಾಡಿಯಲ್ಲಿ ಅದರ ನರಮಂಡಲ, ಎರಡೂ ಒಂದೇ ಊರಿನಲ್ಲಿ.

ಈಗ ನಮ್ಮ ಶೀರ್ಷಿಕೆಗೆ ಬರೋಣ. ಆ ಕಾಲದ ಬ್ರಿಟಿಷ್ ವಿನ್ಯಾಸದ ಸಣ್ಣ ಕಾರುಗಳಲ್ಲಿ ತೀರಾ ಪ್ರಚಲಿತವಾಗಿದ್ದ ಲೂಕಾಸ್ ಸಿ-40 ಡೈನಮೋ ಕೊಡುತ್ತಿದ್ದದ್ದು ಹೆಚ್ಚೆಂದರೆ 22 ಆಂಪಿಯರ್. ಅದೂ ಎಂಜಿನ್ನು ಚೆನ್ನಾಗಿ ಓಡುತ್ತಿದ್ದಾಗ. ಸಿಗ್ನಲ್ಲಿನಲ್ಲಿ ನಿಂತರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುತ್ತಿತ್ತು. ‘ನಾನೀಗ ಏನೂ ದುಡಿಯುತ್ತಿಲ್ಲ, ಉಳಿತಾಯದಿಂದ ಖರ್ಚಾಗುತ್ತಿದೆ’ ಎಂದು ಅದರ ಅರ್ಥ. ಬ್ಯಾಟರಿ ಉಳಿತಾಯ ಖಾತೆ, ಡೈನಮೋ ಸಂಬಳ.

ಸಂಬಳ 22. ರಾತ್ರಿ ಮಳೆಯಲ್ಲಿ ಖರ್ಚೆಷ್ಟು? ತಲಾ 45 ವಾಟಿನ ಎರಡು ಹೆಡ್‌ಲೈಟಿಗೆ ಸುಮಾರು 7 ಆಂಪಿಯರ್. ಹಿಂದಿನ ದೀಪ, ಡ್ಯಾಶ್ ದೀಪಕ್ಕೆ 2. ಎಂಜಿನ್ನಿನ ಕಿಡಿಗೆ 3-4. ವೈಪರಿಗೆ ಇನ್ನೊಂದು 3. ಅಲ್ಲಿಗೆ ಹದಿನಾರರ ಹತ್ತಿರ. ಉಳಿದ ಐದಾರು ಆಂಪಿಯರಿನಲ್ಲಿ ಹಾರ್ನು, ಬ್ರೇಕ್ ದೀಪ, ಬ್ಯಾಟರಿ ತುಂಬುವುದು ಎಲ್ಲ ನಡೆಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ಕಾರುಗಳಿಗೆಂದೇ ಹುಟ್ಟಿದ ಹಾಗಿದೆ.

ಮೊದಲ ಬಾಡಿಗೆದಾರ: ರೇಡಿಯೋ

ಇಂಥ ಬಿಗಿ ಸಂಸಾರಕ್ಕೆ ಹೊರಗಿನಿಂದ ಬಂದ ಮೊದಲ ಬಾಡಿಗೆದಾರ ರೇಡಿಯೋ. ಅಮೆರಿಕದ ಗಾಲ್ವಿನ್ ಸಹೋದರರು 1930ರಲ್ಲಿ ಮೋಟೊರೋಲಾ ಹೆಸರಿನ ಕಾರು ರೇಡಿಯೋ ಮಾರಲು ಶುರು ಮಾಡಿದ್ದರು. ವಾಲ್ವ್ ಕಾಲದ ಆ ಪೆಟ್ಟಿಗೆಗಳು ಹಲವಾರು ಆಂಪಿಯರ್ ನುಂಗುತ್ತಿದ್ದವು. ಟ್ರಾನ್ಸಿಸ್ಟರ್ ಬಂದ ಮೇಲೆ ಹೊಟ್ಟೆ ಸಣ್ಣದಾಯಿತು.

ಮದರಾಸಿಗೆ ರೇಡಿಯೋ ಹೊಸದಲ್ಲ. ಇಲ್ಲಿ 1924ರಲ್ಲೇ ರೇಡಿಯೋ ಕ್ಲಬ್ ಹುಟ್ಟಿತ್ತು, 1938ರಲ್ಲಿ ಆಲ್ ಇಂಡಿಯಾ ರೇಡಿಯೋದ ನಿಲ್ದಾಣ ಬಂತು. ಆದರೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಾಗಿದ್ದ ಆ ಕಾಲದಲ್ಲಿ ಕಾರಿನೊಳಗೆ ರೇಡಿಯೋ ಎಂದರೆ ದೊಡ್ಡಸ್ತಿಕೆಯ ಗುರುತು. ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ದಿನಗಳು ಅವು. ನಮ್ಮ ಕಲಾವಿದರು, ತಂತ್ರಜ್ಞರು ತಿಂಗಳುಗಟ್ಟಲೆ ಇಲ್ಲೇ ಇರುತ್ತಿದ್ದರು. ರಾತ್ರಿಯಾದ ಮೇಲೆ ಮಧ್ಯಮ ತರಂಗದಲ್ಲಿ ದೂರದ ನಿಲ್ದಾಣಗಳು ಕೇಳಿಸುತ್ತವೆ ಎನ್ನುವುದು ಊರು ಬಿಟ್ಟು ಬಂದವರಿಗೆ ಸಣ್ಣ ಸಮಾಧಾನವಾಗಿರಲಿಲ್ಲ.

ಕಾರಿನಲ್ಲೇ ಕುಳಿತು ಕಾಲ ಕಳೆಯುವ ಜಾಗವನ್ನು ಈ ಊರಿಗೆ ಕೊಟ್ಟವರು ಉಡುಪಿ ಕಡೆಯವರು. 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕೆ. ಕೃಷ್ಣರಾಯರು 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯ ಹತ್ತಿರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಶುರು ಮಾಡಿದರು. ಮರದ ನೆರಳಿಗೆ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಬರುತ್ತಿತ್ತು, ಅದರಲ್ಲಿ ದೋಸೆ, ಕಾಫಿ. 2008ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ 2010ರಿಂದ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನವಿದೆ.

ತಿಂಡಿಯ ಜೊತೆಗೆ ಒಂದು ಭೌತಶಾಸ್ತ್ರದ ಪಾಠವೂ ಅಲ್ಲಿತ್ತು. ನಿಂತ ಕಾರಿನಲ್ಲಿ ಡೈನಮೋ ದುಡಿಯುವುದಿಲ್ಲ. ಮಾತು, ಹಾಡು, ಇನ್ನೊಂದು ಕಾಫಿ ಎಂದು ಹೊತ್ತು ಬೆಳೆದಷ್ಟೂ ಬ್ಯಾಟರಿ ಇಳಿಯುತ್ತದೆ. ಹಳೆ ಕಾರಿಗೆ ಏನನ್ನೇ ಸೇರಿಸಿದರೂ ನೆನಪಿಡಬೇಕಾದ ಸೂತ್ರ ಇದೇ: ಎಷ್ಟು ತಿನ್ನುತ್ತದೆ ಎನ್ನುವಷ್ಟೇ ಮುಖ್ಯ, ಎಷ್ಟು ಹೊತ್ತು ತಿನ್ನುತ್ತದೆ ಎನ್ನುವುದು.

1977ರ ಜುಲೈ 23ರಂದು ಭಾರತದ ಮೊದಲ ಎಫ್.ಎಂ. ಪ್ರಸಾರ ಶುರುವಾದದ್ದೂ ಮದರಾಸಿನಲ್ಲೇ. ಆಗಿದ್ದ ಕಾರು ರೇಡಿಯೋಗಳಿಗೆ ಎಫ್.ಎಂ. ಹಿಡಿಯಲು ಬರುತ್ತಿರಲಿಲ್ಲ. ಬರಬರುತ್ತಾ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು ಒಂದು ಕಸುಬೇ ಆಯಿತು.

ಎರಡನೆಯವನು ದೊಡ್ಡ ಹೊಟ್ಟೆಯವನು

ಈ ಕಸುಬು ನಮ್ಮಲ್ಲಿ ಇಷ್ಟು ಬೆಳೆದದ್ದಕ್ಕೆ ಕಾರಣವಿದೆ. ಲೈಸೆನ್ಸ್ ರಾಜ್ಯದ ಆ ವರ್ಷಗಳಲ್ಲಿ ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಬಂದ ಕಾರೂ ದಶಕಗಟ್ಟಲೆ ಅದೇ ಮಾದರಿ. 1950ರ ದಶಕದಲ್ಲಿ ಬಂದ ಅಂಬಾಸಿಡರ್ 2014ರವರೆಗೆ ತಯಾರಾಯಿತು. ಕಾರ್ಖಾನೆ ಕೊಡದ ಸುಖವನ್ನು ಬೀದಿಯ ಅಂಗಡಿ ಕೊಟ್ಟಿತು. ಬೆಂಗಳೂರಿಗೆ ಜೆ.ಸಿ. ರಸ್ತೆ ಹೇಗೋ ಚೆನ್ನೈಗೆ ಜನರಲ್ ಪ್ಯಾಟರ್ಸ್ ರಸ್ತೆ ಹಾಗೆ. ಹಳೆ ಬಿಡಿಭಾಗ ಬೇಕಾದರೆ ಪುದುಪೇಟೆ. ಕಳಚಿದ ಕಾರುಗಳ ಬಾಗಿಲು, ಸೀಟು, ಡೈನಮೋ, ಹಗ್ಗದಂತೆ ಸುತ್ತಿಟ್ಟ ವೈರಿಂಗ್ ಕಟ್ಟುಗಳು ಅಲ್ಲಿ ರಾಶಿ ಬಿದ್ದಿರುತ್ತವೆ.

ಏಸಿ ಹಾಕಿಸುವವರು ಬಂದದ್ದು ಇಂಥ ಅಂಗಡಿಗಳಿಗೆ. ಡ್ಯಾಶ್‌ಬೋರ್ಡಿನ ಕೆಳಗೆ ನೇತುಹಾಕಿದ ಪೆಟ್ಟಿಗೆ, ಎಂಜಿನ್ನಿನ ಪಕ್ಕ ಕಬ್ಬಿಣದ ಆಸರೆ ಬೆಸೆದು ಕೂರಿಸಿದ ಕಂಪ್ರೆಸರ್, ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ. ಕಂಪ್ರೆಸರ್ ತಿರುಗಿಸಲು ಎಂಜಿನ್ನಿನ ಶಕ್ತಿಯಲ್ಲೇ ಒಂದು ಪಾಲು ಹೋಗುತ್ತದೆ. ಅಂಬಾಸಿಡರ್ ಹೇಗೋ ತಡೆದುಕೊಂಡೀತು, 948 ಸಿ.ಸಿ.ಯ ಹೆರಾಲ್ಡಿಗೆ ಅದು ಕತ್ತೆಯ ಮೇಲೆ ಆನೆಯ ಹೊರೆ. ಕಂಪ್ರೆಸರಿನ ಕ್ಲಚ್ಚು, ಗಾಳಿ ಊದುವ ಬ್ಲೋವರ್ ಎರಡೂ ಸೇರಿ ಹತ್ತು ಆಂಪಿಯರ್ ದಾಟುವುದು ಸುಲಭ. 22ರ ಸಂಬಳದಲ್ಲಿ ಹತ್ತು ಒಬ್ಬನಿಗೇ!

ಪರಿಹಾರವಾಗಿ ಬಂದದ್ದು ಆಲ್ಟರ್ನೇಟರ್. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ, 1960ರ ಸುಮಾರಿಗೆ ಅಮೆರಿಕದ ಕಾರುಗಳಿಗೆ ಅದು ಬಂತು. ಎಂಜಿನ್ನು ನಿಧಾನಕ್ಕೆ ತಿರುಗುತ್ತಿದ್ದರೂ ಅದು ಕರೆಂಟು ಕೊಡುತ್ತದೆ, ಕೊಡುವುದೂ ಹೆಚ್ಚು. ನಮ್ಮ ಹಳೆ ಕಾರುಗಳ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸುವುದು ಆಮೇಲೆ ಸಾಮಾನ್ಯವಾಯಿತು. ಆದರೆ ಸಂಬಳ ಹೆಚ್ಚಾದರೆ ಸಾಲದು, ಅದನ್ನು ತರುವ ಚೀಲವೂ ಗಟ್ಟಿಯಿರಬೇಕು. 22 ಆಂಪಿಯರಿಗೆಂದು ಎಳೆದ ತಂತಿಯಲ್ಲಿ 40 ಹರಿಸಿದರೆ ತಂತಿಯೇ ಹೀಟರ್ ಆಗುತ್ತದೆ.

ಸೀಟಿಗೆ ಕಾವು ಬಂದ ಬಗೆ

ಸೀಟಿನೊಳಗೇ ತಂತಿ ಹಾಯಿಸಿ ಕಾಯಿಸುವ ಯೋಚನೆಗೆ ಜನರಲ್ ಮೋಟಾರ್ಸ್‌ನ ರಾಬರ್ಟ್ ಬ್ಯಾಲರ್ಡ್ ಅವರ ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. 1966ರ ಕ್ಯಾಡಿಲಾಕ್‌ನಲ್ಲಿ ಅದು ಹೆಚ್ಚಿನ ಹಣ ಕೊಟ್ಟವರಿಗೆ ಸಿಗುವ ಸೌಲಭ್ಯವಾಯಿತು. ಸ್ವೀಡನ್ನಿನ ಸಾಬ್ ಕಂಪನಿ 1970ರ ದಶಕದ ಆರಂಭದಲ್ಲಿ ಚಾಲಕನ ಸೀಟಿಗೆ ಅದನ್ನು ಕಾರ್ಖಾನೆಯಿಂದಲೇ ಕೊಡಲು ಶುರು ಮಾಡಿತು. ಹಿಮದ ದೇಶದಲ್ಲಿ ಅದು ಶೋಕಿಯಲ್ಲ. ಎಂಜಿನ್ನು ಬಿಸಿಯಾಗಿ ಕಾರಿನ ಒಳಗಿನ ಗಾಳಿ ಬೆಚ್ಚಗಾಗುವ ಮೊದಲೇ ಮೈಗೆ ಕಾವು ತಾಗುತ್ತದೆ.

ಈಗ ಹಳೆ ಕಾರಿಗೆ ಹಾಕಿಸಲು ಸಿಗುವ ಸೆಟ್ಟಿನಲ್ಲಿ ಇರುವುದು ಇಷ್ಟು: ಒಂದೊಂದು ಸೀಟಿಗೆ ಎರಡು ತೆಳು ಹಾಳೆ, ಒಂದು ಕೂರುವ ಜಾಗಕ್ಕೆ, ಒಂದು ಬೆನ್ನಿಗೆ. ಒಳಗೆ ಇಂಗಾಲದ ಎಳೆಗಳು. ಜೊತೆಗೆ ಥರ್ಮೋಸ್ಟಾಟ್, ಸ್ವಿಚ್ಚು, ರಿಲೇ, ಫ್ಯೂಸು. ಕುಷನ್ ಕೆಲಸದವರು ಸೀಟು ಬಿಚ್ಚಿ, ಹೊದಿಕೆಯನ್ನು ಹಿಡಿದ ಉಕ್ಕಿನ ಪುಟ್ಟ ಉಂಗುರಗಳನ್ನು ತೆಗೆದು, ಫೋಮಿನ ಮೇಲೆ ಹಾಳೆ ಅಂಟಿಸಿ ಮತ್ತೆ ಹೊದಿಸುತ್ತಾರೆ. ಹೆರಾಲ್ಡ್ ಕಾಲದ ಸೀಟುಗಳಲ್ಲಿ ಸ್ಪ್ರಿಂಗು, ನಾರು ಇರುವುದುಂಟು. ಅಲ್ಲಿ ಹಾಳೆ ಸ್ಪ್ರಿಂಗಿಗೆ ತಾಗದಂತೆ ನಡುವೆ ದಪ್ಪ ಮೆತ್ತೆ ಇರಲೇಬೇಕು. ಇಲ್ಲವಾದರೆ ಕೂತು ಎದ್ದು ಮಾಡುವಾಗ ಸ್ಪ್ರಿಂಗು ಉಜ್ಜಿ ಎಳೆ ತುಂಡಾಗುತ್ತದೆ, ತುಂಡಾದ ಜಾಗದಲ್ಲಿ ಕಿಡಿ ಏಳಬಹುದು.

ಲೆಕ್ಕ ಮಾಡೋಣ. ಒಂದು ಸೀಟಿಗೆ ಸುಮಾರು 50 ವಾಟ್. ಎರಡಕ್ಕೆ 100, ಅಂದರೆ 8 ಆಂಪಿಯರ್. ಮಳೆಯ ರಾತ್ರಿಯ ಖರ್ಚು ಹದಿನಾರು ಮೊದಲೇ ಇತ್ತು. ಹದಿನಾರು, ಎಂಟು, ಒಟ್ಟು 24. ಸಂಬಳ 22. ಊಟಿಯ ಘಾಟಿಯಲ್ಲಿ, ಮಂಜಿನಲ್ಲಿ ದೀಪ ಹಾಕಿಕೊಂಡು, ನಿಧಾನಕ್ಕೆ ಏರುವಾಗಲೇ ಸೀಟಿಗೆ ಕಾವು ಬೇಕಾಗುವುದು. ಡೈನಮೋ ಸೋಲುವ ಹೊತ್ತೂ ಅದೇ. ಮರುದಿನ ಬೆಳಿಗ್ಗೆ ಚಳಿಯಲ್ಲಿ ಕಾರು ತಳ್ಳಬೇಕಾಗಿ ಬಂದರೆ ಮೈ ಬೆಚ್ಚಗಾಗುವುದೇನೋ ನಿಜ!

ಇನ್ನೂ ಹಳೆಯ ಕೆಲವು ಕಾರುಗಳದು 6 ವೋಲ್ಟಿನ ಸಂಸಾರ. 12 ವೋಲ್ಟಿನ ಹಾಳೆಯನ್ನು ಅದಕ್ಕೆ ಜೋಡಿಸಿದರೆ ಕಾವು ಅರ್ಧವಲ್ಲ, ಕಾಲು ಭಾಗವಷ್ಟೇ. ಕೆಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಕಟ್ಟಿರುತ್ತಾರೆ, ಈಗಿನ ಪದ್ಧತಿಗೆ ಪೂರ್ತಿ ಉಲ್ಟಾ. ಅದನ್ನು ನೋಡದೆ ಆಲ್ಟರ್ನೇಟರ್ ಜೋಡಿಸಿದರೆ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ತಂತಿಯ ಬಣ್ಣದ ಭಾಷೆ

ಲೂಕಾಸ್ ವೈರಿಂಗಿಗೆ ಅದರದೇ ಒಂದು ಭಾಷೆಯಿದೆ. ಕಂದು ತಂತಿ ಎಂದರೆ ಬ್ಯಾಟರಿಯಿಂದ ನೇರ, ಸದಾ ಜೀವಂತ. ಬಿಳಿ, ಕೀಲಿ ತಿರುಗಿಸಿದಾಗ ಮಾತ್ರ. ಹಸಿರು, ಅದೇ ಬಿಳಿ ಫ್ಯೂಸು ದಾಟಿ ಬಂದಾಗ. ನೀಲಿ ಹೆಡ್‌ಲೈಟಿಗೆ, ಕೆಂಪು ಸಣ್ಣ ದೀಪಗಳಿಗೆ, ಕಪ್ಪು ಅರ್ತ್. ಈ ಭಾಷೆ ಬಲ್ಲ ಆಟೋ ಎಲೆಕ್ಟ್ರಿಷಿಯನ್ ಒಂದು ಟೆಸ್ಟ್ ಲ್ಯಾಂಪ್ ಹಿಡಿದು ಕಾರಿನ ಕಷ್ಟ ಸುಖ ಕೇಳಬಲ್ಲ.

ತೊಂದರೆ ಇರುವುದು ಅರವತ್ತು ವರ್ಷಗಳಲ್ಲಿ ಆದ ಸೇರ್ಪಡೆಗಳಲ್ಲಿ. ರೇಡಿಯೋಗೆ ಸಿಕ್ಕ ಬಣ್ಣದ ತಂತಿ, ಫ್ಯಾನಿಗೆ ಇನ್ನೊಂದು, ಏರ್ ಹಾರ್ನಿಗೆ ಮತ್ತೊಂದು. ಇದ್ದ ತಂತಿಯ ಸಿಪ್ಪೆ ಸುಲಿದು, ತಿರುಚಿ, ಮೇಲೆ ಟೇಪು ಸುತ್ತಿದ್ದು. ಚೆನ್ನೈ ಬಿಸಿಲಿಗೆ ಟೇಪಿನ ಗೋಂದು ಕರಗಿ ಬಿಚ್ಚಿಕೊಳ್ಳುತ್ತದೆ. ಕಡಲ ಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ. ಆ ಕಾಲದ ಅನೇಕ ಕಾರುಗಳಲ್ಲಿ ಇಡೀ ಕಾರಿಗೆ ಎರಡೇ ಫ್ಯೂಸು, ಕೆಲವದರಲ್ಲಿ ಅದಕ್ಕೂ ಕಡಿಮೆ. ಹೀಗಿರುವ ಕಾರಿನಲ್ಲಿ ಯಾವುದೋ ಹಸಿರು ತಂತಿಗೆ ಸೀಟಿನ ಹೀಟರ್ ಸಿಕ್ಕಿಸಿದರೆ, ಒಂದು ದಿನ ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಬಂದಾಗಲೇ ಗೊತ್ತಾಗುವುದು. ಹಳೆ ಕಾರು ವಯಸ್ಸಾಗಿ ಸಾಯುವುದಕ್ಕಿಂತ ಹೀಗೆ ಬೆಂಕಿಗೆ ಹೋಗುವುದು ಹೆಚ್ಚು ನೋವಿನ ಸಂಗತಿ. ಒಳಗೆ ಜನರೂ ಇರುತ್ತಾರೆ.

ಬಲ್ಲವರ ವಿಧಾನ ಸರಳ. ಹೀಟರಿಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಅದರ ಫ್ಯೂಸು. ನಡುವೆ ರಿಲೇ. ಕೀಲಿ ತಿರುಗಿಸಿದಾಗ ಮಾತ್ರ ಬರುವ ಹಸಿರು ತಂತಿ ಆ ರಿಲೇಗೆ ಸನ್ನೆ ಕೊಟ್ಟರೆ ಸಾಕು, ಭಾರ ಹೊರುವುದು ಬೇಡ. ಹಾಗಾದಾಗ ಕೀಲಿ ತೆಗೆದರೆ ಹೀಟರೂ ನಿಲ್ಲುತ್ತದೆ, ಮರೆತು ಇಳಿದರೂ ಬ್ಯಾಟರಿ ಖಾಲಿಯಾಗುವುದಿಲ್ಲ. ಸೀಟಿನಡಿಯ ಜೋಡಣೆಯನ್ನು ನೆಲಕ್ಕೆ ಬಿಡದೆ ಮೇಲಕ್ಕೆ ಕಟ್ಟಬೇಕು. 2015ರ ಡಿಸೆಂಬರ್, 2023ರ ಡಿಸೆಂಬರ್ ನೋಡಿದ ಚೆನ್ನೈನವರಿಗೆ ಕಾರಿನ ಕಾರ್ಪೆಟ್ಟಿನ ಮೇಲೆ ನೀರು ಬರುತ್ತದೆಯೇ ಎಂದು ಕೇಳಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ ವೈದ್ಯರದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ, ಪಾರ್ಶ್ವವಾಯುವಾದವರಿಗೆ ಸೀಟು ಎಷ್ಟು ಬಿಸಿಯಾಯಿತು ಎಂದು ತಿಳಿಯದೆ ಚರ್ಮ ಸುಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಹಾಳೆ ಅಜ್ಜ ಅಜ್ಜಿಯರ ಬೆನ್ನಿಗೆ ಬೇಡ.

ಚೆನ್ನೈಗೆ ಬೇಕಾದ ಸೀಟು

ಈ ಊರಿಗೆ ನಿಜವಾಗಿ ಬೇಕಾಗಿದ್ದದ್ದು ತಂಪು ಸೀಟು. ಬಹುಕಾಲ ಅದಕ್ಕೆ ಉತ್ತರ ಮರದ ಮಣಿಗಳ ಹೊದಿಕೆ, ಟರ್ಕಿ ಟವಲ್ಲು ಅಷ್ಟೇ. ಸೀಟಿನೊಳಗೆ ಪುಟ್ಟ ಫ್ಯಾನು ಇಟ್ಟು ಗಾಳಿಯಾಡಿಸುವ ಸೀಟನ್ನೂ ತಂದದ್ದು ಅದೇ ಸಾಬ್, 1997ರ 9-5 ಮಾದರಿಯಲ್ಲಿ. ಇಪ್ಪತ್ತು ವರ್ಷಗಳ ಮೇಲೆ, 2017ರಲ್ಲಿ, ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟೈಯಲ್ಲಿ ಹ್ಯುಂಡೈ ತಯಾರಿಸಿದ ವರ್ನಾ ಕಾರಿನಲ್ಲಿ ಅಂಥ ಸೀಟು ಬಂತು. ಹೆರಾಲ್ಡ್ ಹುಟ್ಟಿದ ಪೆರುಂಗಳತ್ತೂರಿನಿಂದ ಅದು ದೂರವೇನಲ್ಲ. ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ತಂದ ಸ್ಟ್ಯಾಂಡರ್ಡ್ 2000 ಗೆಲ್ಲಲಿಲ್ಲ, 1988ರಲ್ಲಿ ಅದರ ತಯಾರಿಕೆ ನಿಂತಿತು. ಅದಾದ ಹತ್ತು ವರ್ಷಕ್ಕೆ, 1998ರಲ್ಲಿ, ಹ್ಯುಂಡೈನ ಸ್ಯಾಂಟ್ರೋ ಹೊರಬಂತು. ಆಮೇಲೆ ಸುಖವೆಲ್ಲ ಕಾರ್ಖಾನೆಯಿಂದಲೇ ಬರತೊಡಗಿತು. ಬೀದಿಯ ಅಂಗಡಿಗೆ ಉಳಿದದ್ದು ಹಳೆ ಕಾರು.

ಆ ಹಳೆ ಕಾರಿಗೆ ಈಗ ಕಾನೂನಿನ ಮರ್ಯಾದೆಯೂ ಇದೆ. 2021ರ ಜುಲೈಯ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. 1961ರ ಹೆರಾಲ್ಡ್ ಈಗ ಆ ಸಾಲಿನಲ್ಲಿ ನಿಲ್ಲುವ ಹಿರಿಯಣ್ಣ.

ಹಾಗಾಗಿ ಹಳೆ ಕಾರಿಗೆ ಏನನ್ನೇ ಸೇರಿಸುವಾಗಲೂ ಒಂದು ಮಾತು ನೆನಪಿನಲ್ಲಿರಲಿ: ಇಂದು ಹಾಕಿದ್ದನ್ನು ನಾಳೆ ಗುರುತಿಲ್ಲದಂತೆ ತೆಗೆಯಲು ಬರಬೇಕು. ಮೂಲ ತಂತಿ ಕತ್ತರಿಸದೆ, ಡ್ಯಾಶ್‌ಬೋರ್ಡಿಗೆ ತೂತು ಕೊರೆಯದೆ, ಬಿಚ್ಚಿದ ಡೈನಮೋವನ್ನು ಗುಜರಿಗೆ ಹಾಕದೆ ಬಟ್ಟೆ ಸುತ್ತಿ ಎತ್ತಿಟ್ಟು ಕೆಲಸ ಮಾಡಿಸಿ. ಎಳೆದ ಹೊಸ ತಂತಿ ಯಾವುದು, ಎಲ್ಲಿಂದ ಎಲ್ಲಿಗೆ ಎಂದು ಒಂದು ಹಾಳೆಯಲ್ಲಿ ಬರೆದು ಕಾರಿನ ಕಾಗದಪತ್ರದ ಜೊತೆ ಇಡಿ. ಮುಂದಿನ ಮೆಕ್ಯಾನಿಕ್ಕಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮೊದಲ ರೇಡಿಯೋದಿಂದ ಸೀಟಿನ ಕಾವಿನವರೆಗೆ ಮದರಾಸಿನ ಬೀದಿಯ ಎಲೆಕ್ಟ್ರಿಷಿಯನ್ನರು ಪುಸ್ತಕವಿಲ್ಲದೆ ಕಾಪಾಡಿಕೊಂಡು ಬಂದ ವಿದ್ಯೆ ಇದು. ಅವರಿಗೆ ವಯಸ್ಸಾಗುತ್ತಿದೆ. ಕಂದು, ಬಿಳಿ, ಹಸಿರಿನ ಆ ಭಾಷೆ ಬಲ್ಲವರು ನಿಮ್ಮ ಬೀದಿಯಲ್ಲಿದ್ದರೆ ಕೆಲಸ ಅವರಿಗೇ ಕೊಡಿ, ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಮನೆಯ ಹುಡುಗರನ್ನೂ ನಿಲ್ಲಿಸಿ. ಸಂಬಳ 22, ಖರ್ಚು ಅದರೊಳಗೆ: ಇಷ್ಟು ಕಲಿತರೆ ಕಾರೂ ಉಳಿಯುತ್ತದೆ, ಅದರಲ್ಲಿ ಹಾಕಿದ ರೇಡಿಯೋದಲ್ಲಿ ನಮ್ಮ ಕನ್ನಡವೂ ಕೇಳಿಸುತ್ತಿರುತ್ತದೆ.